ಇಪ್ಪತ್ತೆರಡು ಬಾಗಿಲಿನ ಕೀಲಿಯಕ್ಕ

ಬೆಳಕು ಹರಿಯುವ ಹೊತ್ತಿಗೆ ಕೀಲಿಯಕ್ಕ ಬೀದಿಯ ಮೊದಲ ಷಟರ್ ಮುಂದೆ ನಿಂತಿರುತ್ತಾಳೆ. ಎತ್ತುವ ಮುಂಚೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾಳೆ. ಒಳಗೆ ಯಾರೂ ಇಲ್ಲ. ಒಂಬತ್ತು ವರ್ಷದಿಂದ ಇಲ್ಲ.

"ಇಲಿ ಇದ್ರೆ ಓಡಿಹೋಗ್ಲಿ ಅಂತ ತಟ್ಟೋದು," ಎನ್ನುತ್ತಾಳೆ. "ಇಲಿ ಅಲ್ಲದೆ ಬೇರೆ ಏನಾದ್ರೂ ಇದ್ರೂ ಅಷ್ಟೇ. ಹೇಳದೆ ಕೇಳದೆ ನುಗ್ಗಬಾರದಲ್ವಾ?" ಆಡಿ ನಗುತ್ತಾಳೆ. ಆ ನಗು ಎದುರು ಸಾಲಿನ ತಗಡುಗಳಿಗೆ ತಾಗಿ, ಕೊಂಚ ತಡವಾಗಿ, ಬೇರೆ ಯಾರೋ ನಕ್ಕಂತೆ ಹಿಂದಿರುಗುತ್ತದೆ.

ಬೀದಿಯಲ್ಲಿ ಇಪ್ಪತ್ತೆರಡು ಅಂಗಡಿ. ಎಲ್ಲದರ ಕೀಲಿಯೂ ಆಕೆಯ ಸೊಂಟದ ಗೊಂಚಲಲ್ಲಿದೆ. ಒಂದೊಂದು ಅಂಗಡಿಗೂ ಮೂರು ಸಲ ಹೊಕ್ಕು ಬರಬೇಕು: ಪೊರಕೆ ಹಿಡಿದು ಒಮ್ಮೆ, ಒದ್ದೆ ಬಟ್ಟೆ ಹಿಡಿದು ಒಮ್ಮೆ, ಕಿಟಕಿ ಮುಚ್ಚಲು ಇನ್ನೊಮ್ಮೆ. ಗಾಳಿಯಾಡದಿದ್ದರೆ ಗೋಡೆಗೆ ಬೂಷ್ಟು, ಬಾಗಿಲಿಗೆ ಗೆದ್ದಲು. ಬಟ್ಟೆ ಅಂಗಡಿಯಲ್ಲಿ ತಲೆಯಿಲ್ಲದ ಮೂರು ಬೊಂಬೆಗಳು ಬೀದಿಗೆ ಮುಖ ಮಾಡಿ, ಅಂದರೆ ಕುತ್ತಿಗೆ ಮಾಡಿ, ನಿಂತಿವೆ. ಕ್ಷೌರದಂಗಡಿಯಲ್ಲಿ ಕನ್ನಡಿಗೆ ಕನ್ನಡಿ ಎದುರು. "ಇಲ್ಲಿ ಒಂದೇ ಸಲಕ್ಕೆ ಹತ್ತು ಜನ ಕಸ ಗುಡಿಸ್ತೀವಿ. ಸಂಬಳ ಮಾತ್ರ ಒಬ್ಬಳಿಗೇ," ಎಂದು ಕನ್ನಡಿಯೊಳಗಿನವರ ಕಡೆ ಕಣ್ಣು ಮಿಟುಕಿಸುತ್ತಾಳೆ.

ಊರಿನ ಅನ್ನ ನೂಲಿನ ಗಿರಣಿಯದಾಗಿತ್ತು. ಈಕೆಯೂ ಅಲ್ಲಿ ಹತ್ತೊಂಬತ್ತು ವರ್ಷ ನೂಲು ಸುತ್ತಿದವಳು. ಗಿರಣಿ ಬಾಗಿಲು ಹಾಕಿತು, ಅದರ ಹಿಂದೆಯೇ ಬೀದಿಯೂ. ಮಂಡಿ ಸವೆಯುವವರೆಗೆ ಕಂಡವರ ಮನೆ ನೆಲ ಒರೆಸಿದಳು. ಮೂರು ವರ್ಷದ ಹಿಂದೆ ಗಿರಣಿಯ ಆಫೀಸಿನಲ್ಲೇ ಹೊಸ ಉದ್ಯಮಗಳಿಗೆ ಕೈಹಿಡಿಯುವ ಕೇಂದ್ರ ಬಂತು. ಸ್ಟಾರ್ಟಪ್ ಮಾಡುವವರಿಗೆ ಮೇಜು, ಸಲಹೆ. ಅಂಗಡಿ ಇಡುವವರಿಗೆ ಬೀದಿಯಲ್ಲೊಂದು ಬಾಗಿಲು. ಆ ಬಾಗಿಲುಗಳನ್ನು ತೆರೆದು ಗುಡಿಸಿಡುವ ಕೆಲಸ ಈಕೆಗೆ ಸಿಕ್ಕಿತು. ಮೂರು ವರ್ಷದೊಳಗೆ ಬೀದಿ ಚೇತರಿಸದಿದ್ದರೆ ಕೇಂದ್ರ ಮುಚ್ಚುವುದು ಎಂದು ಮೇಲಿನವರ ಕರಾರು. ಬೀದಿಗೆ ಜೀವ ಬಂತೋ ಇಲ್ಲವೋ ತಿಳಿಯಲು ಪ್ರತಿ ಬಾಗಿಲ ಮೇಲೂ ಒಂದು ಪುಟ್ಟ ಕಣ್ಣು ಕೂರಿಸಿದರು. ಒಳಹೊಕ್ಕವರನ್ನು ಅದು ಎಣಿಸುತ್ತದೆ.

ಎಣಿಕೆ ಚೆನ್ನಾಗಿಯೇ ಬಂತು. ದಿನಕ್ಕೆ ಅರವತ್ತೇಳು ಜನ! ಕೇಂದ್ರದ ಮ್ಯಾನೇಜರ್ ಅದನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದರು. ಕೀಲಿಯಕ್ಕನ ತಂಗಿಯ ಮಗಳ ಕೈಗೂ ಅದೊಂದು ಸಿಕ್ಕಿತು. ಪಕ್ಕದ ಪಟ್ಟಣದಲ್ಲಿ ಕಂಡವರ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಿದ್ದ ಹುಡುಗಿ. "ದೊಡ್ಡಮ್ಮ, ಹದಿನಾಲ್ಕನೇ ನಂಬರ್ ನಂಗೆ ಇಡಿಸು. ತಿಂಗಳ ಕೊನೆಗೆ ಕೆಲಸ ಬಿಟ್ಟು ಬರ್ತೀನಿ," ಎಂದು ಫೋನಿನಲ್ಲೇ ಕುಣಿದಳು.

ಅದೇ ವಾರ ಒಂದು ಬೆಳಿಗ್ಗೆ ಕೀಲಿಯಕ್ಕ ಕೆಲಸ ಮುಗಿಸಿ ಕೇಂದ್ರಕ್ಕೆ ಗೊಂಚಲು ಒಪ್ಪಿಸಲು ಹೋದಾಗ ಮ್ಯಾನೇಜರ್ ಎಂದಿಗಿಂತ ಮುಂಚೆ ಬಂದಿದ್ದರು. ಗೋಡೆಯ ಪರದೆಯ ಮೇಲೆ ಬೀದಿಯ ನಕ್ಷೆ. ಅಂಗಡಿ ಅಂಗಡಿಯಲ್ಲೂ ಹಸಿರು ಚುಕ್ಕೆಗಳು.

"ಇವೆಲ್ಲ ಏನು ಸಾರ್?"

"ಜನ ಕಣಮ್ಮ. ಇವತ್ತು ಬೆಳಿಗ್ಗೆ ಬಂದವರು."

"ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಒಂದು ನರಪಿಳ್ಳೆಯನ್ನೂ ನೋಡಿಲ್ವಲ್ಲ!"

ಆಡಿದವಳೇ ಪರದೆಯ ಹತ್ತಿರ ಸರಿದಳು. ಬಟ್ಟೆ ಅಂಗಡಿಯಲ್ಲಿ ಮೂರು ಚುಕ್ಕೆ. ಕ್ಷೌರದಂಗಡಿಯಲ್ಲಿ ಮೂರು. ಹದಿನಾಲ್ಕರಲ್ಲೂ ಮೂರು. ಇಡೀ ಬೀದಿ ತುಂಬಾ ತಾನೇ ನಿಂತಿದ್ದಾಳೆ.

"ಇಪ್ಪತ್ತೆರಡು ಮೂರಲಿ ಎಷ್ಟು? ಅರವತ್ತಾರು. ಬಾಯಿ ಮುಚ್ಕೊಂಡಿದ್ರೆ ಕೇಂದ್ರ ಉಳಿಯುತ್ತೆ, ನನ್ನ ಕೆಲಸ ಉಳಿಯುತ್ತೆ. ಆದ್ರೆ ಆ ಹುಡುಗಿ ಇರೋ ಕೆಲಸ ಬಿಟ್ಟು ಬಂದು ಯಾರಿಗೆ ಹೊಲೀಬೇಕು? ನಂಗೇ ಅರವತ್ತಾರು ಅಂಗೀನಾ?" ಎಂದು ಆ ಗಳಿಗೆಯ ಲೆಕ್ಕವನ್ನು ಈಗ ಬಿಡಿಸಿಡುತ್ತಾಳೆ.

ಕೂತ ಕೊಂಬೆ ಕಡಿಯುವುದೆಂದು ಗೊತ್ತಿದ್ದೇ ಆ ಚುಕ್ಕೆಗಳೆಲ್ಲ ತಾನೇ ಎಂದು ಆಕೆ ಅಲ್ಲೇ ಮ್ಯಾನೇಜರಿಗೆ ಹೇಳಿದಳು. ಅವರು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಕೇಳಿದರು, "ಅರವತ್ತಾರು ನೀವು. ಇನ್ನೊಂದು?"

ಇನ್ನೊಂದು ಚುಕ್ಕೆ ಗಡಿಯಾರದಂಗಡಿಯಲ್ಲಿತ್ತು. ಅಲ್ಲಿ ಮಾತ್ರ ನಾಲ್ಕು. ಮಾರನೆಯ ದಿನ ಇಬ್ಬರೂ ಹೋಗಿ ನೋಡಿದರು. ಹಿತ್ತಲ ಬಾಗಿಲಿಲ್ಲ, ಬೀಗ ಮುರಿದಿಲ್ಲ. ಜೇಡರ ಬಲೆ ಇರಬೇಕು ಎಂದು ಮ್ಯಾನೇಜರ್ ಬಾಗಿಲ ಮೇಲಿನ ಕಣ್ಣನ್ನು ಒರೆಸಿ, ಕೊನೆಗೆ ಅದನ್ನೇ ಬದಲಿಸಿದರು. ಈಗ ಕೀಲಿಯಕ್ಕನ ಕೊರಳಲ್ಲೊಂದು ಬಿಲ್ಲೆ ಇದೆ. ಅದಿದ್ದರೆ ಕಣ್ಣುಗಳು ಆಕೆಯನ್ನು ಎಣಿಸುವುದಿಲ್ಲ. ಆದರೂ ಆಕೆ ಕೆಲಸ ಮುಗಿಸಿದ ಮೇಲೆ ಪರದೆಯ ಗಡಿಯಾರದಂಗಡಿಯಲ್ಲಿ ಒಂದು ಚುಕ್ಕೆ ಉಳಿಯುತ್ತದೆ.

"ಹೆದರಿಕೆ ಆಗಲ್ವಾ?" ಎಂದರೆ ಭುಜ ಕುಣಿಸುತ್ತಾಳೆ. "ಮೂರು ವರ್ಷ ಇಡೀ ಬೀದಿಗೆ ದೆವ್ವ ಆಗಿದ್ದೋಳು ನಾನೇ. ಯಾರಿಗೆ ಹೆದರಲಿ?" ಆದರೂ ಆ ಅಂಗಡಿಯ ಕಿಟಕಿ ಮುಚ್ಚುವಾಗ ಬೆನ್ನನ್ನು ಗೋಡೆಗೇ ಕೊಡುತ್ತಾಳೆ.

ಕೇಂದ್ರಕ್ಕೆ ಇನ್ನಾರು ತಿಂಗಳು ಗಡುವು ಸಿಕ್ಕಿದೆ, ಈ ಸಲ ನಿಜವಾದ ಲೆಕ್ಕದ ಮೇಲೆ. ಮೊನ್ನೆ ಸೈಕಲ್ ರಿಪೇರಿಯವನೊಬ್ಬ ಬಂದು ಎರಡನೇ ಅಂಗಡಿ ನೋಡಿಹೋದ. ತಂಗಿಯ ಮಗಳು ಕೆಲಸ ಬಿಡಲಿಲ್ಲ. ಸುದ್ದಿ ಕೇಳಿದ ದಿನ "ಊರಿಗೆ ಉಪಕಾರಿ, ಮನೆಗೆ ಮಾರಿ ನೀನು! ಆಸೆ ಹುಟ್ಟಿಸಿದ್ಯಾಕೆ?" ಎಂದು ಫೋನ್ ಇಟ್ಟವಳು ಹನ್ನೆರಡು ದಿನ ಮಾತಾಡಲಿಲ್ಲ. ಹದಿಮೂರನೇ ದಿನ ತಾನೇ ಫೋನ್ ಮಾಡಿದಳು: "ಜನ ಬಂದಾಗ ನೀನೇ ಹೇಳು ದೊಡ್ಡಮ್ಮ. ಇನ್ಮೇಲೆ ನಿನ್ನ ಬಾಯಿಂದ ಕೇಳಿದ್ರೇ ನಂಬೋದು."

ಹದಿನಾಲ್ಕನೇ ಅಂಗಡಿಯ ನೆಲ ಉಳಿದವಕ್ಕಿಂತ ಹೊಳೆಯುತ್ತದೆ. ಹೊಲಿಗೆ ಮಿಷನ್ ಎಲ್ಲಿಡಬೇಕು ಎಂದು ಆಕೆ ಆಗಲೇ ನೋಡಿಟ್ಟಿದ್ದಾಳೆ; ಕಿಟಕಿ ಪಕ್ಕ, ಎಡಗಡೆಯಿಂದ ಬೆಳಕು ಬೀಳುವಲ್ಲಿ.

"ದೊಡ್ಡ ಆಸೆ ಏನಿಲ್ಲ," ಎನ್ನುತ್ತಾಳೆ. "ಒಂದು ದಿನ ಬರಿಗೈಲಿ ಇಲ್ಲಿ ಬರಬೇಕು, ಗಿರಾಕಿ ಥರ. ಅವಳು ಟೇಪು ಹಿಡ್ಕೊಂಡು, 'ನೆಟ್ಟಗೆ ನಿಂತ್ಕೋ ದೊಡ್ಡಮ್ಮ, ಅಳತೆ ತಪ್ಪುತ್ತೆ' ಅಂತ ನನ್ನ ಬೈಬೇಕು."