ನಾನು ಬೈದ ಕೋಚ್

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಸೋತಾಗಲೆಲ್ಲ ಮೈದಾನದಲ್ಲಿ ಮೊದಲು ಕೇಳಿಸುತ್ತಿದ್ದುದು ನನ್ನ ಗಂಟಲು. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಮೈಸೂರಿನಲ್ಲಿ ಇದ್ದಷ್ಟು ದಿನ ನಾನು ಫುಟ್‌ಬಾಲಿನ ಕಡೆ ತಿರುಗಿಯೂ ನೋಡಿದವಳಲ್ಲ. ಮಲೇಷಿಯಾಕ್ಕೆ ಬಂದು, ಪೆಟಾಲಿಂಗ್ ಜಯಾದಿಂದ ಸ್ವಲ್ಪ ಆಚೆಗಿರುವ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠಕ್ಕೆ ಸೇರಿದೆ. ನನ್ನ ಲ್ಯಾಬಿನ ಕಿಟಕಿಯ ಕೆಳಗೇ ಮೈದಾನ. ಹುಡುಗರು ಪ್ರೋಗ್ರಾಂ ಬರೆಯುತ್ತ ಕೂತಿದ್ದರೆ ನಾನು ಕಿಟಕಿಗೆ ಅಂಟಿಕೊಂಡಿರುತ್ತಿದ್ದೆ. ವರ್ಷ ತುಂಬುವುದರೊಳಗೆ, ಆಫ್‌ಸೈಡ್ ಎಂದರೆ ಏನು ಎಂದು ಗಂಡನಿಗೆ ಊಟದ ತಟ್ಟೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಜೋಡಿಸಿ ತೋರಿಸುವಷ್ಟು ಹುಚ್ಚು ಹಿಡಿಯಿತು. ಪಾಪ, ಅವರು ತಲೆ ಆಡಿಸಿ ಆಫ್‌ಸೈಡನ್ನು ತಿಂದುಬಿಡುತ್ತಿದ್ದರು.

ತಂಡಕ್ಕೆ ಒಬ್ಬರೇ ಕೋಚ್. ಅರವತ್ತರ ಹತ್ತಿರದ ವಯಸ್ಸು. ತಮಿಳರು, ಇಲ್ಲೇ ರಬ್ಬರ್ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರದು ಕಾಯಂ ಕೆಲಸವಲ್ಲ, ವರ್ಷ ವರ್ಷವೂ ಕರಾರು ಹೊಸದಾಗಿ ಆಗಬೇಕು. ಅವರು ತಮಿಳಿನಲ್ಲಿ ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ. ನಡುವೆ ಎಲ್ಲಿ ಸಿಕ್ಕಿಕೊಂಡರೆ ಅಲ್ಲಿ ಇಂಗ್ಲಿಷ್. ನನ್ನನ್ನು 'ಟೀಚರ್' ಎನ್ನುತ್ತಿದ್ದರು. ಪಂದ್ಯ ನಡೆಯುವಾಗ ಗೆರೆಯ ಹೊರಗೆ ಕೈ ಕಟ್ಟಿ ನಿಂತರೆ ಮುಗಿಯಿತು, ಒಂದು ಕೂಗಿಲ್ಲ, ಒಂದು ಬೈಗುಳವಿಲ್ಲ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿ.

"ಏನ್ರೀ ಇವರು, ಗೋಲ್ ಹೊಡೀರೋ ಅಂತ ಒಂದು ಸಲ ಬಾಯಿ ಬಿಟ್ಟು ಹೇಳಬಾರದಾ?" ಎಂದು ನಾನು ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲೇ ಕೂಗುತ್ತಿದ್ದೆ. ಅರ್ಥವಾಗದಿದ್ದರೂ ಪಕ್ಕದ ಹುಡುಗರು ನಗುತ್ತಿದ್ದರು. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಎಲ್ಲರಿಗೂ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಮೇಷ್ಟರು, ವಿದ್ಯಾರ್ಥಿಗಳು, ಆಫೀಸಿನವರು ಎಲ್ಲ ಇದ್ದ ಗುಂಪು ಅದು. ಸೋತ ಸಂಜೆ ನನ್ನ ವಿಶ್ಲೇಷಣೆಗಾಗಿ ಜನ ಕಾಯುತ್ತಿದ್ದರು. ಕಾಯುತ್ತಿದ್ದಾರೆ ಎಂದು ನಾನಂತೂ ನಂಬಿದ್ದೆ.

ಆ ವರ್ಷ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗ ಪಿಯುಸಿ ಮುಗಿಸಿದ್ದ, ಫುಟ್‌ಬಾಲ್ ಆಡುತ್ತಿದ್ದ. "ನಿಮ್ಮ ಕಾಲೇಜಲ್ಲಿ ಸ್ಪೋರ್ಟ್ಸ್ ಕೋಟಾ ಇದೆಯಂತಲ್ಲೇ, ಫೀಸೇ ಇಲ್ವಂತಲ್ಲ. ನೀನು ಒಂದು ಮಾತು ಹೇಳಿದ್ರೆ ಆಗಲ್ವಾ?" ಎಂದಳು. ಆ ಕೋಟಾದ ಸೀಟುಗಳು ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕೆಂದು ಹೇಳುವವರು ಕೋಚ್. ನಾನು ಅಕ್ಕನಿಗೆ, "ಆಗದೆ ಏನು, ಕೋಚು ನಮಗೆ ಗೊತ್ತಿರೋರೇ" ಎಂದು ದೊಡ್ಡದಾಗಿ ಹೇಳಿಬಿಟ್ಟೆ.

ಅಕ್ಕ ಹುಡುಗನ ಆಟದ ತುಣುಕುಗಳನ್ನು ಕಳಿಸಿದಳು. ನಾನೂ ಮಗಳೂ ಕೂತು ಅವನ್ನೆಲ್ಲ ಸೇರಿಸಿ ಒಂದು ವಿಡಿಯೋ ಮಾಡಿದೆವು. ಅವನು ಬಿದ್ದದ್ದು, ಚೆಂಡು ಕಳಕೊಂಡದ್ದು, ಸೊಂಟ ಹಿಡಿದು ನಿಂತದ್ದು ಎಲ್ಲ ಕತ್ತರಿಸಿ ಹಾಕಿದೆವು. ಉಳಿದದ್ದು ಮೂರು ಗೋಲು. ನಾಲ್ಕಾದರೆ ಚೆನ್ನ ಎನಿಸಿ, ಅದರಲ್ಲೇ ಒಂದು ಗೋಲನ್ನು ಇನ್ನೊಂದು ಫೋನಿನಲ್ಲಿ ಆಚೆ ಬದಿಯಿಂದ ತೆಗೆದದ್ದಿತ್ತಲ್ಲ, ಅದನ್ನೂ ಸೇರಿಸಿದೆ. ಮಗಳು ಮುಖ ಗಂಟಿಕ್ಕಿ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ, "ಅಮ್ಮಾ, ದಟ್ಸ್ ಚೀಟಿಂಗ್ ಲಾ," ಎಂದಳು. "ನೀನು ಸುಮ್ನಿರೇ, ಮ್ಯೂಸಿಕ್ ಹಾಕು," ಎಂದೆ.

ಇಲ್ಲಿ ದೀಪಾವಳಿಗೆ ಪರಿಚಯದವರನ್ನೆಲ್ಲ ಮನೆಗೆ ಕರೆದು ಊಟ ಹಾಕುವ ರೂಢಿ ಇದೆ. ಓಪನ್ ಹೌಸ್ ಎನ್ನುತ್ತಾರೆ. ಅದುವರೆಗೆ ಒಮ್ಮೆಯೂ ಕರೆಯದಿದ್ದ ಕೋಚನ್ನು ಆ ವರ್ಷ ನಮ್ಮ ಪುಚೊಂಗ್ ಮನೆಗೆ ಹೆಂಡತಿಯ ಸಮೇತ ಕರೆದೆ. ಬಿಸಿಬೇಳೆಬಾತ್ ಬಡಿಸಿದೆ, ಬೇಡ ಬೇಡ ಎಂದರೂ ಎರಡನೆಯ ಹೋಳಿಗೆ ಹಾಕಿ ತುಪ್ಪ ಸುರಿದೆ. ಅವರ ಕೈಯಲ್ಲಿ ತಟ್ಟೆ ಇರುವಾಗಲೇ ಪಕ್ಕದಲ್ಲಿ ಕೂತು ಫೋನು ಹಿಡಿದೆ. ಅವರು ವಿಡಿಯೋವನ್ನು ಪೂರ್ತಿ ನೋಡಿದರು. ಮತ್ತೆ ಒಂದು ಕಡೆ ಹಿಂದೆ ಸರಿಸಿ ನೋಡಿದರು.

"ಯಾರು ಟೀಚರ್, ಈ ಹುಡುಗ?"

"ನನ್ನ ಅಕ್ಕನ ಮಗ. ತುಂಬಾ ಆಸೆ ಇಟ್ಕೊಂಡಿದಾನೆ ಕೋಚ್. ನೀವು ಮನಸ್ಸು ಮಾಡಿದ್ರೆ ಅವನ ಬದುಕು ಒಂದು ದಾರಿಗೆ ಬೀಳತ್ತೆ."

ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ನೋಡೋಣ ಟೀಚರ್," ಎಂದರು. ಅನ್ನ ತಿನ್ನುತ್ತಿರುವ ಮನೆಯಲ್ಲಿ ಇಲ್ಲ ಎನ್ನುವ ಜಾಯಮಾನದವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕರೆದಿದ್ದೆ.

ಹುಡುಗ ಬಂದ. ಕಾಲೇಜಿನಲ್ಲಿ ಒಂದು ನಿಯಮವಿದೆ: ಸಿಬ್ಬಂದಿಯ ಬಂಧುಗಳು ಯಾವುದೇ ಕೋಟಾದಲ್ಲಿ ಸೇರಿದರೆ ಒಂದು ನಮೂನೆಯಲ್ಲಿ ಬರೆದು ತಿಳಿಸಬೇಕು. ನಾನು ತಿಳಿಸಲಿಲ್ಲ. ಹುಡುಗನಿಗೂ, "ಕ್ಯಾಂಪಸ್ಸಲ್ಲಿ ನನ್ನ ಚಿಕ್ಕಮ್ಮ ಅನ್ನಬೇಡ ಕಣೋ, ಮೇಡಂ ಅನ್ನು," ಎಂದು ಹೇಳಿಕೊಟ್ಟೆ. ಅವನು ಹೂಂ ಎಂದ. ಕೋಚ್ ಒಬ್ಬರಿಗೇ ಗೊತ್ತು, ಅವರು ಯಾರಿಗೂ ಹೇಳುವವರಲ್ಲ.

ಆಟ ಶುರುವಾಯಿತು. ನಮ್ಮ ಹುಡುಗ ಸ್ಟ್ರೈಕರ್. ಮೊದಲ ಪಂದ್ಯದಲ್ಲಿ ಅರ್ಧಕ್ಕೇ ಕೋಚ್ ಅವನನ್ನು ಹೊರಗೆ ಕರೆದರು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಬೆಂಚಿನ ಮೇಲೆ ಕೂರಿಸಿದರು. ತಂಡ ಮೂರನ್ನೂ ಸೋತಿತು. ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು. ಇಷ್ಟು ದೂರದಿಂದ ಬಂದ ಹುಡುಗನಿಗೆ ಪೂರ್ತಿ ಒಂದು ಆಟ ಆಡಲು ಬಿಡಲಿಲ್ಲವಲ್ಲ, ಈ ಮನುಷ್ಯನಿಗೆ ಏನು ರೋಗ! ಅಕ್ಕನಿಗೆ ಏನು ಮುಖ ತೋರಿಸಲಿ?

ಅದೇ ಹೊತ್ತಿಗೆ ಗುಂಪಿನಲ್ಲಿ ಯಾರೋ ಹೊಸ ಗೋಲ್‌ಕೀಪರ್ ಕೋಚಿನ ಊರಿನವನಂತೆ ಎಂದು ಬರೆದರು. ಸಾಕಾಯಿತು ನನಗೆ. ಬಸ್ಸಿನಲ್ಲಿ ಕೂತು, ಪುಚೊಂಗ್ ತಲುಪುವುದರೊಳಗೆ, ಬಾಯಿಗೆ ಬಂದದ್ದೆಲ್ಲ ಬೆರಳಿಗೆ ಬಂದ ಹಾಗೆ ಬರೆದೆ. ಈ ಕೋಚಿಗೆ ತಂತ್ರ ಗೊತ್ತಿಲ್ಲ. ಆಟಗಾರರನ್ನು ಆರಿಸುವುದು ಕಾಲಿನ ಬಲ ನೋಡಿ ಅಲ್ಲ, ಪರಿಚಯದ ಬಲ ನೋಡಿ. ನಮ್ಮ ಕೋಟಾದ ಸೀಟುಗಳು ಶಿಫಾರಸಿಗೆ ಹೋಗುತ್ತಿವೆ. ಕಾಲೇಜು ಕಣ್ಣು ಮುಚ್ಚಿಕೊಂಡು ಕೂರಬಾರದು. ಕೆಳಗೆ ನನ್ನ ಹೆಸರನ್ನೂ ಹಾಕಿದೆ, ಧೈರ್ಯಸ್ಥೆ! ಹೀಗೆ ಬರೆಯುವಾಗ ನನ್ನದೇ ಶಿಫಾರಸು ನೆನಪಾಗಲಿಲ್ಲವೇ ಎಂದು ಕೇಳಿದರೆ, ದೇವರಾಣೆ, ಆಗಲಿಲ್ಲ. ನಾನು ಮಾಡಿದ್ದು ಸಹಾಯ, ಬೇರೆಯವರು ಮಾಡಿದ್ದು ಶಿಫಾರಸು ಎಂದೇ ತಲೆಯಲ್ಲಿ ಕೂತಿತ್ತು.

ಮೆಸೇಜು ಎಲ್ಲೆಲ್ಲೋ ಸುತ್ತಿ ವಿದ್ಯಾರ್ಥಿ ವಿಭಾಗದ ಮುಖ್ಯಸ್ಥೆಯ ಫೋನಿಗೆ ಹೋಯಿತು. ಅವರು ಕೋಚನ್ನು ಕರೆಸಿದರು. ದೂರು ಬರೆದವಳೆಂದು ನನ್ನನ್ನೂ ಕರೆಸಿದರು. ನಾನು ಸೀರೆ ಉಟ್ಟು, ನ್ಯಾಯ ಕೇಳುವ ಠೀವಿಯಲ್ಲೇ ಹೋದೆ.

ಮುಖ್ಯಸ್ಥೆ ಫೈಲು ತೆರೆದು ಮೊದಲು ಕೇಳಿದ್ದು ಗೋಲ್‌ಕೀಪರನ ಬಗ್ಗೆ. ಅವನು ರಾಜ್ಯದ ಕಿರಿಯರ ತಂಡದಲ್ಲಿ ಆಡಿದ್ದ ಹುಡುಗ, ಎಲ್ಲ ಪತ್ರವೂ ಸರಿಯಾಗಿತ್ತು. ಆಮೇಲೆ ಅವರು ಇನ್ನೊಂದು ಹಾಳೆ ಎಳೆದರು.

"ಇಂಡಿಯಾದಿಂದ ಬಂದ ಈ ಸ್ಟ್ರೈಕರ್. ಟ್ರಯಲ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಒಂದು ಗೋಲಿಲ್ಲ. ಇವನನ್ನು ಯಾರು ಹೇಳಿ ತಗೊಂಡಿರಿ, ಕೋಚ್?"

ಕೋಚ್ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ನನ್ನ ಕಡೆ ತಿರುಗಲಿಲ್ಲ.

"ಯಾರೂ ಹೇಳಲಿಲ್ಲ ಮೇಡಂ. ನಾನು ವಿಡಿಯೋ ನೋಡಿ ತಗೊಂಡೆ. ನನ್ನ ತಪ್ಪು."

"ಯಾರ ಒತ್ತಡವೂ ಇರಲಿಲ್ಲವಾ?"

"ಇಲ್ಲ."

ಮುಖ್ಯಸ್ಥೆ ನನ್ನ ಕಡೆ ನೋಡಿ, "ನಿಮಗೆ ಇದರ ಬಗ್ಗೆ ಏನಾದರೂ ಗೊತ್ತಾ?" ಎಂದರು.

ಒಂದು ವಾಕ್ಯ ಸಾಕಿತ್ತು. ಅವನು ನನ್ನ ಅಕ್ಕನ ಮಗ, ಕೇಳಿಕೊಂಡವಳು ನಾನು. ತರಗತಿಯಲ್ಲಿ ಮೂರು ಗಂಟೆ ನಿಲ್ಲಿಸದೆ ಮಾತಾಡುವವಳು, ಮೈದಾನ ಹಾರಿಹೋಗುವ ಹಾಗೆ ಕೂಗುವವಳು, ನಾಲಿಗೆ ಬಿದ್ದುಹೋದವಳ ಹಾಗೆ ಕೂತಿದ್ದೆ. ಆಮೇಲೆ, "ಇಲ್ಲ, ನಾನು ಒಟ್ಟಾರೆಯಾಗಿ ಬರೆದಿದ್ದು," ಎಂದೆ. ಥೂ, ಆ ಮಾತು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೋಚಿನ ಕರಾರನ್ನು ಮುಂದುವರಿಸುವುದಿಲ್ಲ ಎಂದು ಆ ತಿಂಗಳೇ ನೋಟೀಸು ಬಂತು. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಿದ್ದವು. ಕೆಲವರು ನನ್ನ ಹೆಸರು ಹಿಡಿದು ಅಭಿನಂದಿಸಿದರು.

ಆ ಭಾನುವಾರ ಹುಡುಗ ಊಟಕ್ಕೆ ಬಂದ. ಚಿತ್ರಾನ್ನ ಬಡಿಸಿದರೆ ಕೈ ಹಾಕಲಿಲ್ಲ.

"ಕೋಚ್ ಸರ್ ಹೋಗ್ತಿರೋದು ನಿಮ್ಮ ಮೆಸೇಜಿಂದ ಅಂತೆ. ಹೌದಾ ಚಿಕ್ಕಮ್ಮ?"

"ನಿನ್ನನ್ನ ಅರ್ಧಕ್ಕೇ ಹೊರಗೆ ಕರೀತಿದ್ರಲ್ಲೋ. ಹೊಟ್ಟೆ ಉರೀತು ನನಗೆ."

"ಅಯ್ಯೋ, ನಾನೇ ಕೇಳ್ಕೊಂಡಿದ್ದು ಚಿಕ್ಕಮ್ಮ! ಈ ಸೆಖೆಗೆ ಉಸಿರೇ ಸಿಕ್ತಿರಲಿಲ್ಲ, ಎರಡು ಸಲ ವಾಂತಿ ಆಯ್ತು. ನನ್ನ ಕೈಲಿ ಆಗ್ತಿಲ್ಲ ಸರ್, ಕರ್ಕೊಳಿ ಅಂತ ನಾನೇ ಕೈ ತೋರಿಸ್ತಿದ್ದೆ." ಅವನ ಕಣ್ಣು ತುಂಬಿತ್ತು. "ನನಗೆ ಅಷ್ಟು ಆಟ ಬರಲ್ಲ ಅಂತ ಅವರಿಗೆ ಮೊದಲ ದಿನವೇ ಗೊತ್ತಾಯ್ತು. ಆದ್ರೂ ದಿನಾ ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ನನಗೊಬ್ಬನಿಗೇ ಹೇಳಿಕೊಡ್ತಿದ್ರು. ಒಂದು ದಿನ ಬೈಲಿಲ್ಲ."

ನಾನು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದೆ. ಗಂಡ ಎದ್ದು ಅದನ್ನು ನನ್ನ ಕೈಯಿಂದ ತೆಗೆದಿಟ್ಟರು. ಮರುವಾರ ಹುಡುಗ ತಾನಾಗಿಯೇ ಕೋಟಾ ಬಿಟ್ಟುಕೊಟ್ಟು, ಫೀಸಿಗಾಗಿ ಅಪ್ಪನ ಹತ್ತಿರ ಮಾತಾಡಿಕೊಂಡ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಕೋಚನ್ನು ಹುಡುಕಿಕೊಂಡು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಅವರು ಶನಿವಾರ ಬೆಳಿಗ್ಗೆ ನಮ್ಮ ಮನೆಯಿಂದ ದೂರವಿಲ್ಲದ ಬಯಲಿನಲ್ಲಿ ಪುಟ್ಟ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಾರೆ ಎಂದು ತಿಳಿಯಿತು. ಹೋದೆ. ಅವರು ನನ್ನನ್ನು ಕಂಡು ಶೀಟಿ ಜೇಬಿಗೆ ಹಾಕಿ, "ವಾಂಗ ಟೀಚರ್" ಎಂದರು. ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದರು.

"ನಾನು ಆಫೀಸಿಗೆ ಕಾಗದ ಬರೀತೀನಿ ಕೋಚ್," ಎಂದೆ. "ಕೇಳಿದ್ದು ನಾನು, ಮುಚ್ಚಿಟ್ಟಿದ್ದು ನಾನು ಅಂತ. ಅವತ್ತು ನೀವು ಯಾಕೆ ಹೇಳಲಿಲ್ಲ? ನನ್ನ ಹೆಸರು ಹೇಳಿಬಿಡಬಹುದಿತ್ತು."

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು ಟೀಚರ್. ಕೆಲಸ ಹೋದ್ರೆ ಈ ದೇಶದಲ್ಲಿರೋಕೆ ಕೊಟ್ಟ ನಿಮ್ಮ ಪಾಸ್ ಹೋಗ್ತಿತ್ತು. ಮಗಳ ಸ್ಕೂಲು, ಮನೆ, ಎಲ್ಲ." ಅವರು ಲೋಟದ ನೊರೆಯನ್ನು ಊದಿದರು. "ನಾನು ಇಲ್ಲೇ ಹುಟ್ಟಿದವನು. ನನ್ನನ್ನು ಯಾರು ಎಲ್ಲಿಗೆ ಕಳಿಸ್ತಾರೆ? ಇನ್ನೊಂದು ಮೈದಾನ ಸಿಗತ್ತೆ. ಕಾಗದ ಗೀಗದ ಬೇಡ ಲಾ."

ನಾನು, ಇಲ್ಲ, ಬರೆದೇ ಬರೀತೀನಿ ಎಂದು ಒತ್ತಾಯ ಮಾಡಿದೆ. ಅವರು ಮತ್ತೆ ಬೇಡ ಎಂದರು. ನಿಜ ಹೇಳುತ್ತೇನೆ, ಅವರು ಎರಡನೆಯ ಸಲ ಬೇಡ ಎಂದಾಗ ನನಗೆ ಆದದ್ದು ಸಮಾಧಾನ. ಆ ಮಾತು ಕೇಳಲೆಂದೇ ಹೋಗಿದ್ದೆನೋ ಏನೋ. ಪಾಸಿನ ನವೀಕರಣ ಹತ್ತಿರವಿತ್ತು. ಅದು ಆಗಲಿ, ಆಮೇಲೆ ಬರೆದರಾಯಿತು ಎಂದುಕೊಂಡು ಮನೆಗೆ ಬಂದೆ.

ಪಾಸು ನವೀಕರಣವಾಗಿ ಬಂದು ಈಗ ನಾಲ್ಕು ತಿಂಗಳು. ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಸೇರಿದ ಮೇಷ್ಟರೊಬ್ಬರು, "ಹಳೇ ಕೋಚು ಪರಿಚಯದವರನ್ನೆಲ್ಲ ತಂಡಕ್ಕೆ ತುಂಬಿಸ್ತಿದ್ರಂತೆ, ನೀವೇ ಅಂತೆ ಧೈರ್ಯ ಮಾಡಿ ಹೊರಗೆ ಹಾಕಿಸಿದ್ದು, ಹೌದಾ?" ಎಂದು ಎಲ್ಲರೆದುರು ಕೇಳಿದರು. ಕೋಣೆಯಲ್ಲಿದ್ದ ಐದಾರು ಜನ ನನ್ನ ಕಡೆ ತಿರುಗಿ ನಕ್ಕರು.

ನಾನು "ಹೂಂ" ಎಂದೆ.