ನನ್ನ ಕೈಯಾಗ ಓಡಿದ ತಮ್ಮನ ಗಡಿಯಾರ

ಗದಗಿನ ಅಂಗಡ್ಯಾಗ ನನ್ನ ಮುಂದ ಎರಡು ಗಡಿಯಾರ ಇಟ್ಟಿದ್ರು, ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಗಟ್ಟಿ. ಬಿದ್ರೂ ಒಡೆಯಂಗಿಲ್ಲ, ನೀರು ಒಳಗ ಹೋಗಂಗಿಲ್ಲ, ಸೆಲ್ಲು ಬ್ಯಾಡ. ಕೈ ಆಡಿದಂಗ ತಾವ ಚಾವಿ ತುಂಬ್ಕೋತಾವು. ಮುಂಡರಗಿ ಕಡೆ ನರ್ಸ್ ನಾನು. ದಿನಾ ಹತ್ತಿಪ್ಪತ್ತು ಸಲ ಕೈ ತೊಳಿಯೋರಿಗೆ ಇಂಥಾದ್ದ ಬೇಕು. ಆದ್ರ ಅಂಗಡಿಯವ್ರು ಕೇಳಿದ್ದು ಜೋಡಿ ಬಂದಿದ್ದ ನನ್ನ ತಮ್ಮನ್ನ: "ನಿಮಗೇನ್ರೀ ಸರ?"

"ನನಗ್ರೀ," ಅಂದೆ.

ತಮ್ಮ ನಕ್ಕ. "ಅಕ್ಕಾ, ಇವು ಗಂಡಸ್ರವು. ನಿನ್ನ ಕೈಗೆ ಭಾರ ಆಕ್ಕಾವು."

ಭಾರ ಅಂತ! ಮೈಯೆಲ್ಲಾ ಉರೀತು. ಯಾರಿಗೆ ಹೇಳಾಕತ್ತಾನ ನೋಡ್ರಿ ಇವ!

ನಾ ಪಿಯುಸಿ ಪಾಸಾದಾಗ ಶಿರಹಟ್ಟಿ ಮನ್ಯಾಗ ನನಗ ಸಿಕ್ಕಿದ್ದು ಒಂದು ಡಜನ್ ಬಳಿ. ಮರುವರ್ಷ ನನಗಿಂತ ಕಡಿಮಿ ಮಾರ್ಕ್ಸ್ ತಗೊಂಡು ಇವ ಪಾಸಾದ; ಅಪ್ಪ ಇಂಥಾದ್ದ ಗಡಿಯಾರ ಕೊಡಿಸಿದ. ಗೀರು ಬಿದ್ದೀತು ಅಂತ ಇವ ಟ್ರಂಕಿನ್ಯಾಗ ಇಟ್ಟ. ಎರಡು ದಿನಕ್ಕ ನಿಂತತು. ಅಪ್ಪ ಅಂಗಡಿಗೆ ಹೋಗಿ ಜಗಳಾಡಿ, ಕೈ ಆಡದಿದ್ರ ಅದು ಓಡಂಗಿಲ್ಲ ಅನ್ನೋದು ತಿಳ್ಕೊಂಡು ಬಂದ. ಬಂದವನ ಅವ್ವಗ ಹೇಳಿದ, "ಇಕಿ ಕೈ ದಿನಪೂರ್ತಿ ಸುಮ್ನಿರಂಗಿಲ್ಲಲಾ, ಇಕಿಗೇ ಕಟ್ಟು."

ಆತು. ನಾ ರೊಟ್ಟಿ ಬಡಿಬೇಕು, ಖಾರ ಕುಟ್ಟಬೇಕು, ಕಸ ಹೊಡಿಬೇಕು, ಅದು ಓಡಬೇಕು. ಇವ ಹೊರಗ ಹೊಂಟ ಅಂದ್ರ ಬಿಚ್ಚಿ ಕೊಡಬೇಕು. ಗೆದ್ದಲು ಕಟ್ಟಿದ ಹುತ್ತಕ್ಕ ಹಾವು ಬಂದು ಸೇರ್ಕೊಂಡಂಗ! ಹಿಟ್ಟು ತಾಗಬಾರ್ದು ಅಂತ ಅವ್ವ ಅದಕ್ಕ ಅರಿವಿ ಸುತ್ತತಿದ್ಲು. ನನ್ನ ಕೈಯಾಗ ಇದ್ರೂ ಟೈಮ್ ಎಷ್ಟಾತಂತ ನನಗ ಕಾಣ್ತಿರಲಿಲ್ಲ. ನಾನೂ ಎಂಥಾ ಹುಚ್ಚಿ, ಮೊದಮೊದಲು ಹೆಮ್ಮಿಲೆ ಕೈ ಚಾಚಿ ಕಟ್ಟಿಸ್ಕೊಂಡೆ.

ಆಗ ಗದಗ ಹೊಸದಾಗಿ ಜಿಲ್ಲಾ ಆಗಿತ್ತು. ಧಾರವಾಡಕ್ಕ ಓಡೋದು ತಪ್ಪಿತಲಾ ಅಂತ ಎಲ್ಲಾರಿಗೂ ಖುಷಿ. ನರ್ಸ್ ತರಬೇತಿ ಸಂದರ್ಶನಕ್ಕ ಗದಗಕ್ಕ ಹತ್ತು ಗಂಟೆಕ್ಕ ಬಾ ಅಂತ ನನಗ ಕಾಗದ ಬಂತು.

"ಇವತ್ತೊಂದು ದಿನ ಗಡಿಯಾರ ಕೊಡೋ," ಅಂತ ಆ ದಿನ ಮುಂಜಾನೆ ತಮ್ಮಗ ಅಂದೆ.

"ಗೆಳ್ಯಾನ ಲಗ್ನಕ್ಕ ಹೊಂಟೇನಿ. ಬರೇ ಕೈಲೆ ಹೋಗ್ಲೇನು?" ಅಂದ ಇವ. ಅಪ್ಪ, "ಯಾರನ್ನರ ಕೇಳಿದ್ರ ಟೈಮ್ ಹೇಳ್ತಾರ, ನಡಿ," ಅಂದ.

ಕೇಳಿದೆ. ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಹಿರಿಯರು, "ಇನ್ನೂ ಎಂಟಾಗಿಲ್ಲವ್ವಾ," ಅಂದ್ರು. ಟೈಮ್ ಐತಿ ಅಂತ ತುಂಬಿದ ಬಸ್ ಬಿಟ್ಟು, ಮುಂದಿಂದು ಹತ್ತಿದೆ. ಆ ಹಿರಿಯರ ಗಡಿಯಾರ ಮುಕ್ಕಾಲು ತಾಸು ಹಿಂದಿತ್ತು. ನಾ ಮುಟ್ಟೋದ್ರಾಗ ನನ್ನ ಹೆಸರು ಕರದು ಮುಂದ ಹೋಗಿದ್ರು. ಒಂದು ವರ್ಷ ಹಾಳಾತು. ಆ ವರ್ಷಪೂರ್ತಿ ಅದ ಗಡಿಯಾರ ಕಟ್ಕೊಂಡು ಖಾರ ಕುಟ್ಟಿದೆ.

"ಈ ದೊಡ್ಡದು ಬಿಚ್ಚಿಟ್ರೂ ಮೂರು ದಿನ ಓಡ್ತೈತ್ರೀ," ಅಂದ್ರು ಅಂಗಡಿಯವ್ರು. "ಸಣ್ಣದು ಒಂದೂವರಿ ದಿನಕ್ಕ ನಿಲ್ತೈತಿ. ಆದ್ರ ಸೆಕೆಂಡಿನ ಮುಳ್ಳು ಸ್ವಚ್ಛ ಕಾಣ್ತೈತಿ."

"ದೊಡ್ಡದ ತಗೋ ಅಕ್ಕಾ," ಅಂದ ತಮ್ಮ.

"ಬಿಚ್ಚಿಡೋರಿಗೆ ಮೂರು ದಿನ ಬೇಕು. ನಾಡಿ ಎಣಿಸೋಳಿಗೆ ಮುಳ್ಳು ಕಾಣಬೇಕು," ಅಂತ ಸಣ್ಣದ ಕಟ್ಕೊಂಡೆ.

ಇವ ಸಹಜ ಕೈ ಚಾಚಿದ. "ಇಲ್ಲಿ ತಾ, ನಾನೂ ಹಾಕ್ಕೊಂಡು ನೋಡ್ತೇನಿ."

"ಮುಟ್ಟಬ್ಯಾಡ!" ಅಂದೆ. ಎಷ್ಟು ಜೋರಂದ್ರ ಅಂಗಡ್ಯಾಗಿನ ಗಿರಾಕಿಗಳೆಲ್ಲಾ ಹೊಳ್ಳಿ ನೋಡಿದ್ರು.

"ಯಾಕಕ್ಕಾ, ಸಿಟ್ಟಾದ್ಯಾ?"

"ಹೌದು. ನನ್ನ ಸಂದರ್ಶನದ ದಿನದಿಂದ."

"ಯಾವ ಸಂದರ್ಶನ?" ಅಂದ. ಖರೇನ ಅವನಿಗೆ ನೆನಪಿರಲಿಲ್ಲ.

"ಕುಂಡ್ರು," ಅಂದೆ. ಸ್ಟೂಲ್ ಎಳದು ಕೊಟ್ಟೆ. ಎಲ್ಲಾರೂ ಕೇಳೋ ಹಂಗ, ಮೊದಲಿಂದ ಹೇಳಾಕ ಹತ್ತಿದೆ.