ಲತಾಮಣಿ ಕೇಳಿದ ನಲವತ್ತು ನಿಮಿಷ

ಲತಾಮಣಿ ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗುವ ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಅವಳು "ರೈಟ್" ಅಂದರೆ ಸಾಕು, ಸೀಟಿ ಬೇಕಿರಲಿಲ್ಲ. ಕಳೆದ ವರ್ಷ ಥೈರಾಯ್ಡ್ ಗಡ್ಡೆ ತೆಗೆಸಿಕೊಂಡಳು. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಧ್ವನಿಯ ನರವೊಂದು ಸೋತಿದೆ, ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಆರು ತಿಂಗಳಲ್ಲಿ ಮರಳಿದ್ದು ಅರ್ಧ ಧ್ವನಿ. ಅದೂ ಒಡೆದದ್ದು, ಉಸಿರು ಸೋರುವಂಥದ್ದು, ನಡುನಡುವೆ ಕೀರಲು.

ಡಿಪೋದಲ್ಲಿ ಲೈಟ್ ಡ್ಯೂಟಿ ಕೊಟ್ಟರು. ಕಾಗದ ಜೋಡಿಸುವ ಕೆಲಸ, ಮಾತು ಬೇಕಿಲ್ಲ. ಮನೆಯಲ್ಲೂ ಅವಳು ಮಾತು ಬಿಟ್ಟಳು. ಫೋನ್ ಬಂದರೆ ಗಂಡ ಸುಭಾಷ್ ಎತ್ತುತ್ತಿದ್ದ. ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದಳು. ಮಗಳು ಅಂಜನಾಳಿಗೆ ಪಕ್ಕದ ಕೋಣೆಯಿಂದಲೇ ಮೆಸೇಜ್ ಹಾಕುತ್ತಿದ್ದಳು.

ಸೌಂಡ್ ಎಂಜಿನಿಯರಿಂಗ್ ಓದುತ್ತಿದ್ದ ಅಂಜನಾ ಒಂದು ಶನಿವಾರ ಸಂಜೆ ತನ್ನ ದಪ್ಪ ಹೆಡ್‌ಫೋನ್ ತಂದು ಅಮ್ಮನ ಕಿವಿಗಿಟ್ಟಳು.

"ಅಮ್ಮ, ಈ ಆಲ್ಬಂ ಬಗ್ಗೆ ಕ್ಲಾಸಿಗೆ ಬರೀಬೇಕು. ನಲವತ್ತು ನಿಮಿಷದ್ದು. ಒಂದೂ ವಾದ್ಯ ಇಲ್ಲ, ಪೂರ್ತಿ ಒಬ್ಬಳದೇ ಧ್ವನಿ. ಸ್ವಲ್ಪ ಕಷ್ಟ ಆಗುತ್ತೆ, ಕೇಳ್ನೋಡು."

ಮೊದಲು ಉಸಿರೆಳೆಯುವ ಸದ್ದು, ತಾಳದಂತೆ ಮತ್ತೆ ಮತ್ತೆ. ಅದರ ಮೇಲೆ ಗೊಣಗು, ಉಗುಳು ನುಂಗಿದ ಸದ್ದು. ಆಮೇಲೆ ಯಾವ ಭಾಷೆಯದೋ ಒಂದು ಪದ ಅರ್ಧಕ್ಕೇ ಮುರಿದು ಕೀರಲಾಯಿತು. ಲತಾಮಣಿ ಹೆಡ್‌ಫೋನ್ ಕಿತ್ತು ಮಂಚಕ್ಕೆ ಎಸೆದಳು. ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟಳು.

"ನನ್ನ ಆಡ್ಕೋತಿದೀಯಾ?"

"ಅಯ್ಯೋ, ಇಲ್ಲಮ್ಮ!"

ಅಂಜನಾ ಊಟ ಮಾಡದೆ ಮಲಗಿದಳು. ಬೆಳಗ್ಗೆ ಬಿಟಿಎಂ ಲೇಔಟ್‌ನಲ್ಲಿರುವ ಗೆಳತಿಯ ರೂಮಿಗೆ ಹೊರಟುಹೋದಳು.

ಭಾನುವಾರ. ಸುಭಾಷ್ ಡ್ಯೂಟಿಗೆ ಹೋಗಿದ್ದ. ಅಕ್ಕಿ ಆರಿಸುತ್ತ ಕೂತ ಲತಾಮಣಿಗೆ ಮನಸ್ಸು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ಕಾಲ ಬಳಿ ಕೂತಿದ್ದ ಹುಡುಗಿ, ಆಡಿಕೊಳ್ಳುವವಳಾ? ಹಾಗಾದರೆ ಆ ಆಲ್ಬಂನಲ್ಲಿ ಅವಳಿಗೇನು ಕೇಳಿಸಿತು? ಮೊರ ಬದಿಗಿಟ್ಟು, ಮಗಳು ಬಿಟ್ಟುಹೋಗಿದ್ದ ಹೆಡ್‌ಫೋನ್ ಹಾಕಿಕೊಂಡು, ಅವಳು ಮೊದಲೇ ಫೋನಿಗೆ ಕಳಿಸಿದ್ದ ಆಲ್ಬಂನ ಲಿಂಕ್ ಒತ್ತಿದಳು.

ಎರಡನೆಯ ಹಾಡಿಗೇ ತಾಳ್ಮೆ ಕೆಟ್ಟಿತು. ಮೂರನೆಯದರ ನಡುವೆ ಎದ್ದು ನೀರು ಕುಡಿದು ಬಂದಳು. ನಾಲ್ಕನೆಯದರಲ್ಲಿ ಒಂದೇ ಧ್ವನಿ ನೂರಾಗಿ, ಸಂಜೆ ಆರರ ಬಸ್ಸಿನಂತೆ ಗಿಜಿಗುಟ್ಟಿತು. ಐದನೆಯ ಹಾಡಿನಲ್ಲಿ ಆ ಹೆಂಗಸು ಒಂದು ಎತ್ತರದ ಸ್ವರಕ್ಕೆ ಏರಲು ಹೋದಳು. ಮುಟ್ಟಲಾಗಲಿಲ್ಲ. ಧ್ವನಿ ಸೀಳಿ ಬರೀ ಉಸಿರು ಉಳಿಯಿತು. ಅದನ್ನು ಯಾರೂ ಕತ್ತರಿಸಿರಲಿಲ್ಲ. ಅದೇ ಜಾಗಕ್ಕೆ ಮತ್ತೆ ಬಂದಳು, ಮತ್ತೆ ಸೀಳಿತು. ಲತಾಮಣಿಯ ಕೈ ತಾನಾಗಿ ಕತ್ತಿನ ಗಾಯದ ಗೆರೆಗೆ ಹೋಗಿತ್ತು. ಜೀವ ಉಳಿಯಿತಲ್ಲ, ಅದೇ ದೊಡ್ಡದು ಎಂದು ಎಲ್ಲರೂ ಹೇಳಿದ್ದರು, ಅವಳೂ ಹೇಳಿಕೊಂಡಿದ್ದಳು. ಹೋದ ಧ್ವನಿಗಾಗಿ ಯಾರೂ ಅತ್ತಿರಲಿಲ್ಲ. ಅಂದು ಅವಳು ಅತ್ತಳು. ಆಲ್ಬಂ ಮುಗಿಯುವವರೆಗೂ ಹೆಡ್‌ಫೋನ್ ತೆಗೆಯಲಿಲ್ಲ.

ಸಂಜೆ ಅಂಜನಾ ಬಂದಾಗ ಅಮ್ಮ ಬಾಗಿಲಲ್ಲೇ ಹೇಳಿದಳು, "ಪೂರ್ತಿ ಕೇಳ್ದೆ. ಅರ್ಧ ಹಿಡಿಸ್ಲಿಲ್ಲ. ಏಳನೇದಂತೂ ತಲೆನೋವು."

"ನಂಗೂ ಅಷ್ಟೇ ಅಮ್ಮ."

"ಐದನೇದ್ರಲ್ಲಿ... ಗಂಟಲಿಗೆ ಏನಾಗಿತ್ತು ಅವಳಿಗೆ?"

"ಏನೂ ಆಗಿಲ್ಲ. ಬೇಕು ಅಂತ್ಲೇ ಹಾಗೆ ಹಾಡಿದಾಳೆ."

ಲತಾಮಣಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಂದು ಹೋಗ್ಬಿಡ್ತು ಕಣೆ," ಅಂದಳು.

ಅಂಜನಾ ಚಪ್ಪಲಿಯನ್ನೂ ಬಿಡದೆ ಪಕ್ಕದಲ್ಲಿ ಕೂತಳು. ನೀರು ಕೇಳಲಾಗದ ಆ ದಿನದಿಂದ ಶುರುಮಾಡಿ, ನಿಂತು ನಿಂತು, ಉಸಿರು ಕೂಡಿಸಿಕೊಂಡು ಅಮ್ಮ ಎಲ್ಲವನ್ನೂ ಹೇಳಿದಳು. ಧ್ವನಿ ಒಡೆದು ನಿಂತಲ್ಲೂ ಮಗಳು ಒಂದು ಪದವನ್ನೂ ತಾನು ಪೂರ್ತಿ ಮಾಡಿಕೊಡಲಿಲ್ಲ.

ಎರಡು ತಿಂಗಳ ಮೇಲೆ ಲತಾಮಣಿ ತಾನೇ ಕೇಳಿ ಬನಶಂಕರಿ ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ ಬಂದಳು. ಮೊದಲ ದಿನ ಒಬ್ಬ ಮುದುಕ ತಲಘಟ್ಟಪುರದ ಬಸ್ ಕೇಳಿದ. ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

"ಗಂಟಲು ಕೆಟ್ಟಿದ್ಯೇನಮ್ಮ?"

"ಇಲ್ಲ ಸಾರ್, ನನ್ನ ಧ್ವನೀನೇ ಹೀಗೆ," ಎಂದು, ಪ್ಲಾಟ್‌ಫಾರಂ ಯಾವುದೆಂದು ಇನ್ನೊಮ್ಮೆ ಹೇಳಿದಳು.